ಓದುವಾಗ ಚುರುಕು, ಬರೆಯುವಾಗ ಮಂದ

ಹೋದ ಸಲ ಅಂಕಣ ತಪ್ಪಿತು. ಸಂಪಾದಕರು ಎರಡು ಸಲ ನೆನಪಿಸಿದರೂ ಬರೆಯಲಾಗಲಿಲ್ಲ. ಯಾಕೆಂದು ಈ ಸಲ ಹೇಳಿಬಿಡುತ್ತೇನೆ.

ಪುಣೆಯ ನಮ್ಮ ಆಫೀಸಿನಲ್ಲಿ ಆರು ಸರ್ವರ್‌ಗಳಿವೆ. ಒಂದೊಂದರಲ್ಲಿ ನಾಲ್ಕರಂತೆ ಒಟ್ಟು 24 ಎಸ್‌ಎಸ್‌ಡಿಗಳು. ಇವನ್ನೆಲ್ಲ ಸೇರಿಸಿ ಒಂದೇ ಉಗ್ರಾಣದಂತೆ ನಡೆಸುವುದು ಸೆಫ್ ಎಂಬ ಮುಕ್ತ ತಂತ್ರಾಂಶ. ಕೊಟ್ಟ ಪ್ರತಿಯೊಂದು ತುಣುಕನ್ನೂ ಅದು ಮೂರು ಬೇರೆ ಬೇರೆ ಸರ್ವರ್‌ಗಳಲ್ಲಿ ಮೂರು ಪ್ರತಿ ಮಾಡಿ ಇಡುತ್ತದೆ. ಒಂದು ಸರ್ವರ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ತಿಂಗಳ ಕೊನೆ. ಗ್ರಾಹಕರೊಬ್ಬರ ಬಿಲ್ಲಿಂಗ್ ರಾತ್ರಿ ಒಂದಕ್ಕೆ ಮುಗಿಯಬೇಕಾದದ್ದು ಬೆಳಗ್ಗೆ ಎಂಟಾದರೂ ಮುಗಿದಿರಲಿಲ್ಲ. ವರದಿ ತೆಗೆದರೆ ತಟಕ್ಕನೆ ಬರುತ್ತಿತ್ತು, ಹೊಸ ನಮೂದು ಸೇರಿಸಹೋದರೆ ಮಾತ್ರ ತೆವಳುತ್ತಿತ್ತು. ಹಿಂದಿನ ಶನಿವಾರವಷ್ಟೇ ನಮ್ಮ ತಂಡದ ಹುಡುಗ ಸೆಫ್‌ನ ಹೊಸ ಆವೃತ್ತಿ ಹಾಕಿದ್ದ. ಗದಗಿನವನು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಇನ್ನೂ ಪ್ರೊಬೇಷನ್. ಎಲ್ಲರ ಬೆರಳೂ ಅವನತ್ತಲೇ ತಿರುಗಿತು. ಮೊದಲ ದಿನ ನನ್ನದೂ. ರಾತ್ರಿ ಫೋನ್ ಮಾಡಿ, "ಸರ್, ನಂದ ಏನರೆ ತಪ್ಪಾಗೇತೇನ್ರಿ?" ಎಂದು ಕೇಳಿದ. ನೋಡೋಣಪ್ಪ ಎಂದೆ, ಇಲ್ಲ ಎನ್ನಲಿಲ್ಲ.

ಸ್ಥಿತಿ ಕೇಳಿದರೆ ಸೆಫ್ 'ಹೆಲ್ತ್ ಓಕೆ' ಎನ್ನುತ್ತಿತ್ತು. ಈ ಉತ್ತರವನ್ನು ಪೂರ್ತಿ ನಂಬಬಾರದು. ಒಂದು ಕೋರಿಕೆ 30 ಸೆಕೆಂಡು ಸಿಕ್ಕಿಕೊಂಡರಷ್ಟೇ ಅದು ನಿಧಾನವೆಂದು ದೂರುತ್ತದೆ, ಪ್ರತಿ ಬರಹಕ್ಕೂ ಅರ್ಧ ಸೆಕೆಂಡು ತಗುಲಿದರೆ ತುಟಿ ಬಿಚ್ಚುವುದಿಲ್ಲ. ನೆಟ್‌ವರ್ಕ್‌ನವರನ್ನೂ ಎರಡು ದಿನ ಕಾಡಿದೆ. ಎಂಟಿಯು 9000 ಎಂದು ಎಲ್ಲ ಕಡೆ ಇಟ್ಟು ನಡುವಿನ ಒಂದು ಸ್ವಿಚ್ಚಿನಲ್ಲಿ ಬಿಟ್ಟರೆ ಚಿಕ್ಕ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಕಳೆದುಹೋಗುತ್ತವೆ. 8972 ಬೈಟಿನ ಪಿಂಗ್ ಅನ್ನು ತುಂಡಾಗದಂತೆ ಕಳಿಸಿ ನೋಡಿದೆ. ಎಲ್ಲ ಕಡೆ ದಾಟಿತು. ನೆಟ್‌ವರ್ಕ್‌ನವರ ಮುಖದಲ್ಲಿ ನಗು.

ಮೂರನೆಯ ದಿನ 'ಸೆಫ್ ಓಎಸ್‌ಡಿ ಪರ್ಫ್' ಎಂಬ ಆದೇಶ ಕೊಟ್ಟು ಒಂದೊಂದು ಡಿಸ್ಕಿನ ಹೊತ್ತನ್ನೂ ಬಿಡಿಬಿಡಿಯಾಗಿ ನೋಡಿದೆ. ಮೊದಲ ದಿನವೇ ನೋಡಬೇಕಿತ್ತು. 21 ಡಿಸ್ಕ್‌ಗಳು ಒಂದೆರಡು ಮಿಲಿಸೆಕೆಂಡಿನಲ್ಲಿ ಬರೆದು ಮುಗಿಸುತ್ತಿದ್ದವು. ಉಳಿದ ಮೂರಕ್ಕೆ ನಲವತ್ತು ದಾಟುತ್ತಿತ್ತು.

ಪಂಕ್ತಿಯಲ್ಲಿ ಕೊನೆಯ ಎಲೆಗೆ ಅನ್ನ ಬೀಳುವವರೆಗೆ ಯಾರೂ ಕೈಯಿಡುವುದಿಲ್ಲವಲ್ಲ, ಸೆಫ್ ಬರೆಯುವುದೂ ಹಾಗೆಯೇ. ಮೂರೂ ಪ್ರತಿಗಳು ಡಿಸ್ಕಿನಲ್ಲಿ ಗಟ್ಟಿಯಾಗಿ ಕೂತ ಮೇಲೆಯೇ 'ಆಯಿತು' ಎಂಬ ಉತ್ತರ. ಓದುವುದು ಮಾತ್ರ ಸಾಮಾನ್ಯವಾಗಿ ಒಂದೇ ಪ್ರತಿಯಿಂದ. ಅದಕ್ಕೇ ವರದಿಗಳು ಚುರುಕಾಗಿದ್ದವು. 24ರಲ್ಲಿ ಮೂರು ಎಂದರೆ ಎಂಟರಲ್ಲೊಂದು ಪಾಲು ಎನಿಸುತ್ತದೆ. ಆದರೆ ಪ್ರತಿ ಬರಹವೂ ಮೂರು ಡಿಸ್ಕ್ ಮುಟ್ಟುವುದರಿಂದ ಹೆಚ್ಚುಕಡಿಮೆ ಮೂರು ಬರಹಗಳಲ್ಲಿ ಒಂದಕ್ಕೆ ಈ ಮಂದಗಾಮಿಗಳಲ್ಲಿ ಒಂದಾದರೂ ಗಂಟುಬೀಳುತ್ತಿತ್ತು. ಒಂದು ಮುಗಿಯದೆ ಇನ್ನೊಂದಕ್ಕೆ ಹೋಗದ ಡೇಟಾಬೇಸಿಗೆ ಅಷ್ಟು ಸಾಕು.

ಆ ಮೂರು ಯಾವುವು? ಹಳೆಯವು ಸವೆದಾಗ ಹೋದ ತಿಂಗಳು ಹಾಕಿದ ಹೊಸವು. ಲ್ಯಾಪ್‌ಟಾಪಿಗೆ ಹಾಕುವಂಥವು, ಅರ್ಧ ಬೆಲೆ. ಡಬ್ಬಿಯ ಮೇಲೆ ಸೆಕೆಂಡಿಗೆ 500 ಎಂಬಿ ಎಂದಿತ್ತು. ಖರೀದಿ ಚೀಟಿಗೆ ಸಹಿ ನನ್ನದು.

ಸರ್ವರ್ ದರ್ಜೆಯ ಎಸ್‌ಎಸ್‌ಡಿಯೊಳಗೆ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಕರೆಂಟು ಹೋದರೂ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಆ ಧೈರ್ಯದಲ್ಲಿ ಡಿಸ್ಕು, ಮಾಹಿತಿ ತನ್ನ ಮೆಮೊರಿಗೆ ಬಂದ ಕೂಡಲೇ 'ಆಯಿತು' ಎನ್ನುತ್ತದೆ. ಅಗ್ಗದವಕ್ಕೆ ಆ ಆಸರೆಯಿಲ್ಲ. ಸೆಫ್ 'ಗಟ್ಟಿ ಮಾಡು' ಎಂದಾಗಲೆಲ್ಲ ನಿಜವಾಗಿ ಫ್ಲ್ಯಾಶ್‌ವರೆಗೆ ಹೋಗಿ ಬರಬೇಕು. ಬಿಡಿಯಾಗಿ ಉಳಿದಿದ್ದ ನಾಲ್ಕನೆಯದರ ಮೇಲೆ ಎಫ್‌ಐಒ ಓಡಿಸಿ, 4 ಕೆಬಿಯ ತುಣುಕುಗಳನ್ನು ಪ್ರತಿಸಲ ಗಟ್ಟಿ ಮಾಡಿಸುತ್ತ ಬರೆಸಿದೆ. ಸೆಕೆಂಡಿಗೆ ಕೆಲವೇ ನೂರು. ಅಂದರೆ ಒಂದೆರಡು ಎಂಬಿ. (ಬಳಕೆಯಲ್ಲಿರುವ ಡಿಸ್ಕಿನ ಮೇಲೆ ನೇರವಾಗಿ ಈ ಪರೀಕ್ಷೆ ಮಾಡಬೇಡಿ ಮಾರಾಯ್ರೆ, ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ.)

ಡಿಸ್ಕನ್ನು 'ಔಟ್' ಎಂದು ಗುರುತಿಸಿದರೆ ಸೆಫ್ ತಾನೇ ಪ್ರತಿಗಳನ್ನು ಬೇರೆಡೆಗೆ ಸಾಗಿಸುತ್ತದೆ. ಆದರೆ ಆ ಸಾಗಣೆಯೇ ಒಂದು ಹೊರೆ. ಮೂರನ್ನೂ ಒಟ್ಟಿಗೆ ತೆಗೆಯದೆ ಶುಕ್ರವಾರ ರಾತ್ರಿಯಿಂದ ಒಂದೊಂದಾಗಿ ತೆಗೆದೆವು. ಮುಗಿಯುವಷ್ಟರಲ್ಲಿ ಭಾನುವಾರ ಮಧ್ಯಾಹ್ನ. ಆ ರಾತ್ರಿಯ ಬಿಲ್ಲಿಂಗ್ ಹನ್ನೆರಡೂವರೆಗೆ ಮುಗಿಯಿತು.

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಅಪ್‌ಗ್ರೇಡ್ ಮಾತು ತೆಗೆಯುವ ಮೊದಲೇ ಖರೀದಿ ಚೀಟಿಯನ್ನು ಪರದೆಯ ಮೇಲೆ ಹಾಕಿದೆ. ಸಹಿ ದೊಡ್ಡದಾಗಿಯೇ ಕಾಣುತ್ತಿತ್ತು. ಹುಡುಗ ತಲೆ ತಗ್ಗಿಸಿ ಕೂತಿದ್ದವನು ಒಮ್ಮೆ ಎತ್ತಿ ನೋಡಿದ, ಏನೂ ಹೇಳಲಿಲ್ಲ. ಮುಂದಿನ ವಾರ ಅವನ ಪ್ರೊಬೇಷನ್ ವಿಮರ್ಶೆ ಇತ್ತು, ಪಾಸಾಯಿತು.

ಆ ಮೂರು ಡಿಸ್ಕ್‌ಗಳು ಈಗ ಟೆಸ್ಟಿಂಗ್ ತಂಡದ ಲ್ಯಾಪ್‌ಟಾಪ್‌ಗಳಲ್ಲಿವೆ. ಚೆನ್ನಾಗಿಯೇ ಓಡುತ್ತಿವೆ.