ನೀಲಿ ಅಂಗಿ ನೇರಳೆಯಾದ ಕಥೆ!



ಈ ವಾರ ತಾರೆಯರ ಮದುವೆ ಸುದ್ದಿ ಇಲ್ಲ, ಮುಹೂರ್ತದ ತೆಂಗಿನಕಾಯಿಯೂ ಇಲ್ಲ. ನಿಮ್ಮ ಹಾಗೆಯೇ ಹೀರೋ ಹುಚ್ಚು ಹತ್ತಿಸಿಕೊಂಡ ಒಬ್ಬ ಹುಡುಗನ ಕಥೆ ಹೇಳ್ತೀನಿ, ಕೇಳಿ. ಊರು ದಾವಣಗೆರೆ. ಹಗಲು ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ, ರಾತ್ರಿ ಅಭಿಮಾನಿ ಸಂಘದ ಕೆಲಸ. ಹುಡುಗನ ಹೆಸರು ಬೇಡ. ಹೀರೋ ಹೆಸರಂತೂ ಬೇಡವೇ ಬೇಡ. ಬರೆದರೆ ಉಳಿದ ಹೀರೋಗಳ ಅಭಿಮಾನಿಗಳು ನನ್ನ ಮೇಜಿನ ಮೇಲೆ ಪತ್ರಗಳ ಸುರಿಮಳೆಗರೆಯುತ್ತಾರೆ!

ಹೀರೋ ಹುಟ್ಟುಹಬ್ಬಕ್ಕೆ 16 ಪುಟದ ಸ್ಮರಣ ಸಂಚಿಕೆ, 1000 ಪ್ರತಿ. ಹುಡುಗರು ಕೈಯಿಂದ ಹಾಕಿ ಕೂಡಿಸಿದ ದುಡ್ಡು. ಪುಟ ಕಟ್ಟಿದ್ದು ಇನ್‌ಡಿಸೈನ್‌ನಲ್ಲಿ. ಮಧ್ಯಪುಟದಲ್ಲಿ ಮಿಂಚುವ ನೀಲಿ ಅಂಗಿ ತೊಟ್ಟು, ಕೈಕಟ್ಟಿ ನಿಂತ ಹೀರೋ. ನೋಡಿದರೆ ಶಿಳ್ಳೆ ಹೊಡೀಬೇಕು ಹಾಗಿತ್ತಂತೆ! ಹುಡುಗನಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ಹೀರೋ ಹೆಸರಿನ ಅಕ್ಷರಗಳಿಗೆ ನೆರಳು ಕೊಟ್ಟ. ಅದೇ, ಡ್ರಾಪ್ ಶ್ಯಾಡೋ.

ಕೊಟ್ಟ ಕ್ಷಣವೇ ಇಡೀ ಮಧ್ಯಪುಟ ಮಂಕಾಯಿತು! ನೀಲಿ ಅಂಗಿ ಸಪ್ಪೆ ನೇರಳೆಗೆ ತಿರುಗಿತು. ನೆರಳು ತೆಗೆದ, ಬಣ್ಣ ವಾಪಸು ಬಂತು. ಮತ್ತೆ ಕೊಟ್ಟ, ಮತ್ತೆ ಹೋಯಿತು. ಮಿಕ್ಕ ಪುಟಗಳೆಲ್ಲ ಝಗಝಗ, ಇದೊಂದಕ್ಕೇ ಗ್ರಹಣ. ರಾತ್ರಿ ಎರಡು ಗಂಟೆಯವರೆಗೆ ಕೂತು, ತಲೆ ಕೆಟ್ಟು, ನೆರಳನ್ನೇ ಕಿತ್ತೆಸೆದು ಪಿಡಿಎಫ್ ಮಾಡಿ ಮೆಷಿನ್‌ಗೆ ಕೊಟ್ಟ. ಗೆದ್ದೆ ಅಂದುಕೊಂಡ, ಪಾಪ.

ಅಚ್ಚಾಗಿ ಬಂತು... ನೇರಳೆ ಅಂಗಿ! ಮಧ್ಯಪುಟ ಒಂದೇ ಅಲ್ಲ, ಅಷ್ಟೂ ಪುಟ ಮಂಕು.

ನನಗೆ ಫೋನು. "ಅಣ್ಣಾ, ಕಾಗದದ ದುಡ್ಡು ಪೂರ್ತಿ ನಿನ್ನ ಸಂಬಳದಾಗೆ ಹಿಡೀತೀನಿ ಅಂತಾರೆ ಮಾಲೀಕರು. ಸಂಘದವರು ಮುಖ ಕೊಟ್ಟು ಮಾತಾಡ್ತಿಲ್ಲ. ನಾನು ಮಾಡಿದ ತಪ್ಪಾದ್ರೂ ಏನು?"

ತಪ್ಪು ಎಲ್ಲಿ ಗೊತ್ತಾ? ಆ ಮಂಕಾದ ಪುಟ ಒಂದೇ ನಿಜ ಹೇಳ್ತಾ ಇತ್ತು. ಝಗಝಗ ಪುಟಗಳೆಲ್ಲ ಸುಳ್ಳು ಹೇಳ್ತಾ ಇದ್ದವು!

ಹೇಗೆ ಅಂತೀರಾ? ಕಂಪ್ಯೂಟರ್ ಪರದೆಯ ಬಣ್ಣ ಬೆಳಕಿನದು. ಕೆಂಪು, ಹಸಿರು, ನೀಲಿ ಬೆಳಕು ಬೆರೆತು ಚಿತ್ರವಾಗುತ್ತದೆ. ಇದೇ ಆರ್‌ಜಿಬಿ. ಕಾಗದಕ್ಕೆ ಎಲ್ಲಿಯ ಬೆಳಕು ಸ್ವಾಮಿ? ಅಲ್ಲಿರುವುದು ನಾಲ್ಕು ಶಾಯಿ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಸಿಎಂವೈಕೆ ಅನ್ನೋದು ಇದನ್ನೇ. ಇದರಲ್ಲಿ ನೀಲಿ ಬೇಕಾದರೆ ಸಯಾನ್‌ಗೆ ಮಜೆಂಟಾ ಬೆರೆಸಬೇಕು. ಮಜೆಂಟಾ ಸಯಾನ್‌ನ ಹತ್ತಿರ ಹತ್ತಿರ ಬಂತೋ, ನೀಲಿ ನೇರಳೆಯಾಯಿತು ಅಂತಲೇ ಲೆಕ್ಕ. ಪರದೆಯ ಆ ಮಿಂಚುವ ನೀಲಿ ಈ ನಾಲ್ಕು ಶಾಯಿಯಲ್ಲಿ ಹುಟ್ಟೋದೇ ಇಲ್ಲ.

ಇನ್‌ಡಿಸೈನ್ ಏನು ಮಾಡುತ್ತದೆ ಅಂದರೆ, ಆರ್‌ಜಿಬಿ ಚಿತ್ರ ತಂದಿಟ್ಟರೆ ಅದನ್ನು ಬೆಳಕಿನ ಬಣ್ಣದಲ್ಲೇ ತೋರಿಸುತ್ತದೆ. ಪುಟಕ್ಕೆ ನೆರಳು, ಪಾರದರ್ಶಕತೆ ಇಂಥದ್ದೇನಾದರೂ ಬಂದಾಗ ಮಾತ್ರ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಬೇಕಾಗುತ್ತದೆ. ಆ ಪಾತ್ರೆಗೆ ಟ್ರಾನ್ಸ್‌ಪರೆನ್ಸಿ ಬ್ಲೆಂಡ್ ಸ್ಪೇಸ್ ಅಂತ ಹೆಸರು. ಅಚ್ಚಿನ ಕಡತದಲ್ಲಿ ಅದು ಸಾಮಾನ್ಯವಾಗಿ ಸಿಎಂವೈಕೆ. ಹಾಗಾಗಿ ಎದುರುಬದುರಿನ ಎರಡೂ ಪುಟ ಒಟ್ಟಿಗೆ ಶಾಯಿಯ ಬಣ್ಣಕ್ಕೆ ಇಳಿಯುತ್ತವೆ. ನೆರಳು ಬಣ್ಣ ಕೆಡಿಸಲಿಲ್ಲ, ಮುಂದೆ ಆಗುವುದನ್ನು ಮೊದಲೇ ತೋರಿಸಿತು. ಎಡಿಟ್ ಮೆನುವಿಗೆ ಹೋಗಿ ಆ ಬ್ಲೆಂಡ್ ಸ್ಪೇಸನ್ನೇ ಆರ್‌ಜಿಬಿ ಮಾಡಿಬಿಡು ಅನ್ನುವ ಬುದ್ಧಿವಂತರೂ ಇದ್ದಾರೆ. ಬರೀ ಮೊಬೈಲಿನಲ್ಲಿ ನೋಡುವ ಕೆಲಸವಾದರೆ ಸರಿ. ಪ್ರೆಸ್ಸಿಗೆ ಹೋಗುವ ಕೆಲಸಕ್ಕೆ ಹಾಗೆ ಮಾಡಿದರೆ ಕನ್ನಡಿಗೆ ಬಟ್ಟೆ ಮುಚ್ಚಿದ ಹಾಗೆ!

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಪ್ರೆಸ್ಸಿನವರನ್ನು ಕೇಳಿ ಅವರ ಕಾಗದಕ್ಕೆ ಒಪ್ಪುವ ಪ್ರೊಫೈಲ್ ತಗೋ. ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ಅದನ್ನು ಕೂರಿಸಿ, ಪ್ರೂಫ್ ಕಲರ್ಸ್ ಹಾಕು. ಅಳು ಬರುತ್ತದೆ. ಬರಲಿ, ಅಚ್ಚಾದ ಮೇಲೆ ಅಳುವುದಕ್ಕಿಂತ ವಾಸಿ. ಆಮೇಲೆ ಚಿತ್ರದ ಒಂದು ಪ್ರತಿಯನ್ನು ಫೋಟೋಶಾಪ್‌ನಲ್ಲಿ ಅದೇ ಪ್ರೊಫೈಲ್‌ಗೆ ಬದಲಾಯಿಸಿ, ಅಂಗಿಯನ್ನು ಮಾತ್ರ ಆರಿಸಿಕೊಂಡು ಮಜೆಂಟಾ ಇಳಿಸು. ಸಯಾನ್ 100 ಇದ್ದರೆ ಮಜೆಂಟಾ 70 ದಾಟದಿರಲಿ. ಅಂಗಿಯನ್ನು ಮಾತ್ರ, ನೆನಪಿರಲಿ! ಇಡೀ ಚಿತ್ರದಲ್ಲಿ ಇಳಿಸಿದರೆ ಹೀರೋ ಮುಖ ಕಾಮಾಲೆ ಹಿಡಿದವರ ಹಾಗಾಗುತ್ತದೆ. ನಮ್ಮ ಮೈಬಣ್ಣಕ್ಕೆ ಹಳದಿ ಮಜೆಂಟಾಗಿಂತ ಒಂದು ಕೈ ಮೇಲಿರಬೇಕು, ಸಯಾನ್ ಅವೆರಡಕ್ಕಿಂತ ಬಹಳ ಕೆಳಗಿರಬೇಕು. ಸಯಾನ್ ಏರಿದರೆ ಮುಖಕ್ಕೆ ಬೂದಿ ಬಳಿದಂತೆ ಕಾಣುತ್ತದೆ.

ನಾನೇನು ಮಹಾ ಪಂಡಿತ ಅಂದುಕೊಳ್ಳಬೇಡಿ. ಹೊಸದರಲ್ಲಿ ಒಂದು ರಾತ್ರಿ ದೃಶ್ಯದ ಚಿತ್ರವನ್ನು ನ್ಯೂಸ್‌ಪ್ರಿಂಟ್‌ಗೆ ಕಳಿಸಿದ್ದೆ. ನಾಯಕನ ಕೂದಲಲ್ಲಿ ನಾಲ್ಕೂ ಶಾಯಿ ಕೂಡಿಸಿದರೆ 340 ಶೇಕಡಾ! ಆ ಕಾಗದ ತಡೆಯುವುದು 240ರ ಆಸುಪಾಸು. ಶಾಯಿ ಒಣಗದೆ ಎದುರು ಪುಟಕ್ಕೆ ಅಂಟಿ, ಅಲ್ಲಿದ್ದ ನಾಯಕಿಗೆ ಮೀಸೆ ಬಂದಿತ್ತು. ತಪ್ಪು ನನ್ನದೇ. ವಿಂಡೋ ಮೆನುವಿನ ಔಟ್‌ಪುಟ್ ಒಳಗೆ ಸೆಪರೇಷನ್ಸ್ ಪ್ರಿವ್ಯೂ ಅಂತ ಇದೆ. ಅಲ್ಲಿ ಇಂಕ್ ಲಿಮಿಟ್ ಹಾಕಿದ್ದರೆ ಮಿತಿ ಮೀರಿದ ಜಾಗವೆಲ್ಲ ಕೆಂಪಗೆ ಕಂಡಿರುತ್ತಿತ್ತು.

ದಾವಣಗೆರೆಗೆ ಬರೋಣ. ಪುಣ್ಯಕ್ಕೆ ಇನ್ನೂ ಪಿನ್ ಹೊಡೆದಿರಲಿಲ್ಲ. ನೆರಳಿದ್ದ ಹಳೆಯ ಕಡತವನ್ನು ಮಾಲೀಕರ ಮುಂದೆ ತೆರೆದು, ನೆರಳು ತೆಗೆದು, ಹಾಕಿ, ಎರಡನ್ನೂ ತೋರಿಸು ಅಂದೆ. ಅವರು ಎರಡು ಸಲ ತಾವೇ ಮೌಸ್ ಹಿಡಿದು ನೋಡಿದರಂತೆ. ಪ್ರೂಫ್ ತೆಗೆಯದೆ ಮೆಷಿನ್‌ಗೆ ಹಾಕಿದ್ದು ತಮ್ಮದೂ ತಪ್ಪು ಅಂತ ಒಪ್ಪಿದರಂತೆ. ಮಧ್ಯದ ನಾಲ್ಕು ಪುಟದ ಹಾಳೆಯನ್ನಷ್ಟೇ ಮತ್ತೆ ಹೊಡೆದರು. ಖರ್ಚು ಅರ್ಧ ಅವರದು, ಅರ್ಧ ಹುಡುಗನದು, ಮೂರು ಕಂತಿನಲ್ಲಿ. ಪ್ರತಿ ನನಗೂ ಬಂದಿದೆ. ಪರದೆಯ ನೀಲಿ ಅಲ್ಲ, ಆದರೆ ನೀಲಿಯೇ. ಅಕ್ಷರಕ್ಕೆ ನೆರಳೂ ಇದೆ! ಮಿಕ್ಕ 12 ಪುಟ ಮಂಕಾಗಿಯೇ ಉಳಿದವು. ಸಂಘದವರು ಈಗ ಮಾತಾಡ್ತಾರಂತೆ.

ಅಂದ ಹಾಗೆ, ಹಳೇ ಕಪ್ಪು ಬಿಳುಪು ಸ್ಟಿಲ್ ಅಚ್ಚಿನಲ್ಲಿ ಹಸಿರಾಗಿ ಬಂತು ಅಂತ ಬರೆದಿರುವ ಕೊಳ್ಳೇಗಾಲದ ಮಿತ್ರರೇ, 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದ್ದರು, ನಿಜ. ನಿಮ್ಮ ಸ್ಟಿಲ್‌ಗೆ ತಾನಾಗಿಯೇ ಬಣ್ಣ ತುಂಬಿದ್ದು ಮಾತ್ರ ನಾಲ್ಕು ಶಾಯಿಯ ಕೈವಾಡ! ಸ್ಕ್ಯಾನ್ ಆರ್‌ಜಿಬಿಯಲ್ಲಿದ್ದರೆ ಬೂದು ಬಣ್ಣವನ್ನೂ ನಾಲ್ಕು ಶಾಯಿ ಸೇರಿಸಿಯೇ ಹೊಡೆಯುತ್ತದೆ, ಒಂದು ಚೂರು ಹೆಚ್ಚುಕಮ್ಮಿಯಾದರೂ ಹಸಿರೋ ಕೆಂಪೋ ಇಣುಕುತ್ತದೆ. ಫೋಟೋಶಾಪ್‌ನಲ್ಲಿ ಮೋಡ್ ಅನ್ನು ಗ್ರೇಸ್ಕೇಲ್ ಮಾಡಿ ಇಡಿ, ಕಪ್ಪು ಶಾಯಿ ಒಂದರಲ್ಲೇ ಬರುತ್ತದೆ. ತುಸು ತೆಳುವಾಗಿ ಕಂಡರೆ ಕಪ್ಪನ್ನು ಸ್ವಲ್ಪ ಏರಿಸಿ. ಸ್ಟಿಲ್ ಯಾವ ಚಿತ್ರದ್ದು ಅಂತ ಬರೆಯಲೇ ಇಲ್ಲವಲ್ಲ?