ಹೆಸರಾದ ಸಂಚಾರಿಗಳೂ ಹೆಸರಿಲ್ಲದ ಕಾಲುದಾರಿಗಳೂ

ದೊಡ್ಡವರನ್ನು ಮೆಚ್ಚುವುದು ವಿದ್ಯಾಭ್ಯಾಸದ ಮೊದಲ ಮೆಟ್ಟಿಲು. ಯಾರನ್ನೂ ಮೆಚ್ಚದ ಬಾಲಕನು ಏನನ್ನೂ ಕಲಿಯಲಾರನು. ಆದರೆ ಮೆಚ್ಚುಗೆಯಲ್ಲಿಯೂ ಎರಡು ಬಗೆಗಳುಂಟು. ಒಂದು, ಮೆಚ್ಚಿದವರ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಸುವಂಥದು. ಇನ್ನೊಂದು, ದೂರದಿಂದಲೇ ಕೈಮುಗಿಸಿ ಇದ್ದಲ್ಲಿಯೇ ಕೂರಿಸುವಂಥದು. ಸಿದ್ದಾಪುರ ತಾಲೂಕಿನ ನಿಲ್ಕುಂದದಂತಹ ಘಟ್ಟದಂಚಿನ ಊರುಗಳ ಮಕ್ಕಳು ಕಾಡುಬೆಟ್ಟ ಸುತ್ತಿ ಹೆಸರಾದವರನ್ನು ಯಾವ ಬಗೆಯಲ್ಲಿ ಮೆಚ್ಚಬೇಕೆಂಬುದು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವಿಚಾರ ಮಾಡತಕ್ಕ ವಿಷಯವಾಗಿದೆ.

ಇಂತಹ ಹಿರಿಯರ ವಿಷಯದಲ್ಲಿ ಉತ್ತರ ಕನ್ನಡ ಜಿಲ್ಲೆ ಬಡವಾದುದಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ಆ ಅಪ್ಪಿಕೋ ಚಳವಳಿಯೊಡನೆ ಪಾಂಡುರಂಗ ಹೆಗಡೆಯವರ ಹೆಸರು ಬೆಸೆದುಕೊಂಡಿದೆ. 1987ರ ನವೆಂಬರಿನಲ್ಲಿ ಘಟ್ಟದ ಎರಡು ತುದಿಗಳಿಂದ ಹೊರಟ ‘ಪಶ್ಚಿಮಘಟ್ಟ ಉಳಿಸಿ’ ಪಾದಯಾತ್ರೆಯು 1988ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಕೂಡಿತು. ಕುಮಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದ ಎಂ. ಡಿ. ಸುಭಾಷ್‌ಚಂದ್ರನ್ ಅವರು ಜಿಲ್ಲೆಯ ದೇವರಕಾಡುಗಳನ್ನೂ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜೌಗುಗಳನ್ನೂ ನಡೆದು ನೋಡಿ ಅವುಗಳ ಮಹತ್ವವನ್ನು ವಿದ್ವತ್‌ಲೋಕಕ್ಕೆ ತಿಳಿಸಿದರು. ಶಿರಸಿ ಸೀಮೆಯ ಶಿವಾನಂದ ಕಳವೆಯವರು ಕಾಡು, ಕೆರೆ, ಹಳ್ಳಿಗರ ಅನುಭವ ಇವುಗಳನ್ನು ಅಲೆದು ಸಂಗ್ರಹಿಸಿ ಬರೆದರು. ಇವರಲ್ಲಿ ಯಾರೂ ಕುಳಿತಲ್ಲಿ ಕೀರ್ತಿ ಪಡೆದವರಲ್ಲ. ಇವರ ಜ್ಞಾನವೆಲ್ಲ ಕಾಲಿನಿಂದ ತಲೆಗೆ ಏರಿದುದು.

ಇಂತಹವರ ಲೇಖನವನ್ನು ಓದಿ, ಭಾಷಣವನ್ನು ಕೇಳಿ ಹಳ್ಳಿಯ ವಿದ್ಯಾರ್ಥಿಯು ಹಿಗ್ಗುವುದು ಸಹಜ. ವಿಷಾದದ ಸಂಗತಿಯೆಂದರೆ, ಆ ಹಿಗ್ಗಿನ ಬೆನ್ನಿಗೇ ಒಂದು ಕೀಳರಿಮೆಯೂ ಅವನಲ್ಲಿ ಸೇರಿಕೊಳ್ಳುತ್ತದೆ. ಕಾಡು ಸುತ್ತುವುದೆಂದರೆ ಬೆನ್ನಿಗೆ ಚೀಲ, ಕೊರಳಿಗೆ ಕ್ಯಾಮರಾ ಇರುವವರ ಕೆಲಸವೆಂದು ಅವನು ತಿಳಿಯುತ್ತಾನೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ, ಉಂಬಳ ಕಿತ್ತೊಗೆಯುತ್ತ ಶಾಲೆಗೆ ಬರುವ ತಾನೂ ಒಬ್ಬ ಸಂಚಾರಿಯೆಂಬುದು ಅವನಿಗೆ ಹೊಳೆಯುವುದಿಲ್ಲ. ಯಾವ ಒರತೆ ಯಾವ ತಿಂಗಳಲ್ಲಿ ಬತ್ತುವುದೆಂದು ಬಲ್ಲ ಅವನ ಅಜ್ಜನೂ ಅವನ ಕಣ್ಣಿಗೆ ಅವಿದ್ಯಾವಂತನಾಗಿಯೇ ಉಳಿಯುತ್ತಾನೆ.

ಇದೇ ತಾಲೂಕಿನ ಉಂಚಳ್ಳಿ ಜಲಪಾತದ ಕಥೆ ಇಲ್ಲಿ ನೆನೆಯತಕ್ಕದ್ದು. ಅಘನಾಶಿನಿಯು 116 ಮೀಟರ್ ಧುಮುಕುವ ಆ ಸ್ಥಳವನ್ನು 1845ರಲ್ಲಿ ಆಂಗ್ಲ ಕಲೆಕ್ಟರ್ ಲಷಿಂಗ್ಟನ್ ಕಂಡುಹಿಡಿದನೆಂದು ಪುಸ್ತಕಗಳು ಹೇಳುತ್ತವೆ. ಅವನ ಹೆಸರೂ ಅದಕ್ಕೆ ಅಂಟಿತು. ಸುತ್ತಲಿನ ಜನರಾದರೋ ಅದನ್ನು ಕೆಪ್ಪ ಜೋಗವೆಂದು ಕರೆಯುತ್ತಾರೆ. ಆ ಭೋರ್ಗರೆತದ ಎದುರು ಕಿವಿ ಕೆಪ್ಪಾಗುವುದೆಂಬುದೇ ಆ ಹೆಸರಿನ ಅರ್ಥ. ಆ ನೀರಿನ ಸದ್ದನ್ನು ಕಿವಿಯಾರೆ ಕೇಳಿ ಬಾಳಿದವರಲ್ಲದೆ ಬೇರೆ ಯಾರೂ ಅಂತಹ ಹೆಸರಿಡಲಾರರು. ಕಂಡವರು ಬೇರೆ, ಕಂಡುಹಿಡಿದವರೆನಿಸಿಕೊಂಡವರು ಬೇರೆ. ಕಂಡವರು ಬರೆದಿಡಲಿಲ್ಲ, ವ್ಯತ್ಯಾಸವಿಷ್ಟೆ.

ನಿಜವಾದ ಸಂಚಾರಿಗಳು ಈ ಸತ್ಯವನ್ನು ಚೆನ್ನಾಗಿ ಬಲ್ಲರು. ಮೂಡಿಗೆರೆಯ ಕಾಡುಗಳಲ್ಲಿ ಅಲೆದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಾರುವ ಓತಿಯನ್ನು ಕಂಡವನು ಊರವರು ಲೆಕ್ಕಕ್ಕಿಡದ ಮಂದಣ್ಣ. ಅವನ ಬೆಲೆಯನ್ನು ಅರಿತವನು ವಿಜ್ಞಾನಿ ಕರ್ವಾಲೊ. ಪ್ರಸಿದ್ಧರನ್ನು ಮೆಚ್ಚುವವರು, ಆ ಪ್ರಸಿದ್ಧರು ಯಾರನ್ನು ಮೆಚ್ಚಿದರೆಂಬುದನ್ನೂ ಗಮನಿಸಬೇಕು.

ಹಾಗೆಂದು ಹಳ್ಳಿಯ ಬಾಳನ್ನು ಬಣ್ಣಿಸಿ ತೃಪ್ತಿಪಡುವುದು ಸಲ್ಲದು. ಪಟ್ಟಣಿಗನಿಗೆ ವಿನೋದವಾದ ನಡಿಗೆಯು ಇಲ್ಲಿನ ರೋಗಿಗೂ ಗರ್ಭಿಣಿಗೂ ಸಂಕಟ. ಕಾಡಿನ ಸೊಬಗು ಕೆಡುವುದೆಂದು ಹೇಳಿ ಅವರಿಗೆ ಸಂಕವನ್ನೂ ರಸ್ತೆಯನ್ನೂ ನಿರಾಕರಿಸುವ ಹಕ್ಕು ಯಾವ ಪ್ರಕೃತಿಪ್ರೇಮಿಗೂ ಇಲ್ಲ. ಹಾಗೆಯೇ ಕಾಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಕಾಡಿನ ಪ್ರೀತಿ ತಾನಾಗಿ ಬರುವುದೂ ಇಲ್ಲ. ಉಪ್ಪಾಗೆಯ ಸಿಪ್ಪೆಗೆ ಬೆಲೆ ಏರಿದಾಗ ಕಾಯಿಗಾಗಿ ಕೊಂಬೆಯನ್ನೇ ಕಡಿದವರು ಹೊರಗಿನವರು ಮಾತ್ರವಲ್ಲ. ಆ ಕಾಯಿಯನ್ನು ನಂಬಿದ ಸಿಂಗಳೀಕಗಳಿಗಾಗಿ ಸರಕಾರವು 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 299 ಚದರ ಕಿಲೋಮೀಟರ್ ಕಾಡನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಆದರೆ ಘೋಷಣೆಯು ಕಾಗದದ ಮೇಲಿನದು. ಕಾಡಿನ ನೆರೆಯಲ್ಲಿ ಬೆಳೆಯುವ ಮಕ್ಕಳ ಮನಸ್ಸಿನಲ್ಲಿ ಅದು ಬೇರೂರದಿದ್ದರೆ ಫಲವೇನು? ಮರದ ಹೆಸರು, ಹಕ್ಕಿಯ ಕೂಗು, ಬೇರಿನ ಗುಣ ಬಲ್ಲ ಮುದುಕರು ವರ್ಷವರ್ಷವೂ ಕಣ್ಮರೆಯಾಗುತ್ತಿದ್ದಾರೆ. ಅವರ ಮೊಮ್ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ನಡುವೆ ಕಡಿದುಹೋಗುತ್ತಿರುವ ಕೊಂಡಿಯನ್ನು ಬೆಸೆಯಲು ಉಳಿದಿರುವ ಸ್ಥಾನವೆಂದರೆ ಶಾಲೆಯೊಂದೇ.

ಇದಕ್ಕೆ ಹೆಚ್ಚಿನ ಧನ ಬೇಕಾಗದು. ವರ್ಷಕ್ಕೆ ಎರಡು ಬಾರಿ ಊರಿನ ಅನುಭವಿ ಹಿರಿಯರೊಬ್ಬರ ಮುಂದಾಳುತನದಲ್ಲಿ ಮಕ್ಕಳ ಸಂಚಾರವು ನಡೆಯಲಿ. ಕಾಲದ ಆಯ್ಕೆಯಲ್ಲಿ ಮಾತ್ರ ಎಚ್ಚರ ಅಗತ್ಯ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆಯು ಈಚಿನ ವರ್ಷಗಳಲ್ಲಿ ಸಿದ್ದಾಪುರ ತಾಲೂಕಿನಲ್ಲಿಯೂ ಜೀವಹಾನಿ ಮಾಡಿದೆ. ಅದನ್ನು ಹರಡುವ ಉಣುಗುಗಳ ಹಾವಳಿ ಬೇಸಗೆಯ ತಿಂಗಳುಗಳಲ್ಲಿ ಹೆಚ್ಚು. ಆದುದರಿಂದ ಮಳೆ ಹಿಂದೆಗೆದ ಅಕ್ಟೋಬರ್, ನವೆಂಬರ್ ತಿಂಗಳುಗಳೇ ಉಚಿತ. ನೋಡಿದ್ದನ್ನು ಬರೆದಿಡಲು ಶಾಲೆಯಲ್ಲಿ ಒಂದು ದಪ್ಪ ಪುಸ್ತಕವಿರಲಿ: ಮೊದಲ ಮಳೆ ಬಿದ್ದ ದಿನ, ಮುರುಗಲು ಹಣ್ಣಾದ ವಾರ, ಒರತೆ ಬತ್ತಿದ ತಿಂಗಳು, ಹೇಳಿದ ಹಿರಿಯರ ಹೆಸರು. ಹತ್ತು ವರ್ಷಗಳಾದ ಮೇಲೆ ವಿದ್ವಾಂಸರೂ ಆ ಪುಸ್ತಕವನ್ನು ಕೇಳಿಕೊಂಡು ಬಂದಾರು. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಒಂದು ಅಲ್ಪಾಂಶವನ್ನು ಇದಕ್ಕೂ ಮೀಸಲಿಟ್ಟರೆ ಅದು ಅಕ್ಷರದಾಸೋಹವೇ ಸರಿ.

ಶರಣಪರಂಪರೆಗೆ ಇದು ಹೊಸದಲ್ಲ. ಜಂಗಮವೆಂಬ ಮಾತಿನಲ್ಲಿಯೇ ನಡೆಯಿದೆ. ಉಡುತಡಿಯಿಂದ ಶ್ರೀಶೈಲದವರೆಗೆ ಕಾಡುಮೇಡುಗಳನ್ನು ಹಾದ ಅಕ್ಕಮಹಾದೇವಿಯನ್ನು ಪೂಜಿಸುವ ಸಮಾಜವು, ತನ್ನ ಮಕ್ಕಳು ಊರಿನ ಹಿಂದಣ ಗುಡ್ಡವನ್ನಾದರೂ ಕಾಣದೆ ಬೆಳೆಯುವುದನ್ನು ಸಹಿಸಬಾರದು. ಹೆಸರಾದವರಿಗೆ ಸಲ್ಲಬೇಕಾದ ಗೌರವವು ಸಭೆಯ ಹಾರ ಶಾಲುಗಳಲ್ಲಿ ಮುಗಿಯದೆ ಆ ಪುಸ್ತಕದ ಮೊದಲ ಪುಟದಲ್ಲಿ ಆರಂಭವಾಗಲಿ. ಬರುವ ವರ್ಷದ ಸಂಪುಟದಲ್ಲಿ ಅದರ ನಾಲ್ಕು ಪುಟಗಳಾದರೂ ಮಕ್ಕಳ ಹೆಸರಿನಲ್ಲಿ ಅಚ್ಚಾಗಲಿ.