ಹಳೆಯ ಕಥೆಗೆ ಹೊಸ ವೇಷ

ಒಮ್ಮೆ ಚಿತ್ರಪಟವಾಗಿ ಜನಮನ್ನಣೆ ಪಡೆದ ಕಥೆಯನ್ನೇ ಮತ್ತೊಮ್ಮೆ ತೆಗೆದು ತೋರಿಸುವ ಪದ್ಧತಿಯು ಈಚೆಗೆ ಬಹಳವಾಗಿ ಬೆಳೆದಿರುವುದು. ಅಮೆರಿಕದ ಡಿಸ್ನಿ ಸಂಸ್ಥೆಯವರಂತೂ, ತಾವು ಹಿಂದೆ ಕೈಯಿಂದ ಬರೆದ ಚಿತ್ರಗಳನ್ನು ಜೋಡಿಸಿ ಹೇಳಿದ ಕಥೆಗಳನ್ನು ಈಗ ನಟನಟಿಯರಿಂದಲೂ ಗಣಕಯಂತ್ರದಿಂದಲೂ ಒಂದೊಂದಾಗಿ ಮರಳಿ ಹೇಳಿಸುತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ದಾವಣಗೆರೆಯ ಚಿತ್ರಮಂದಿರಕ್ಕೆ ಹೊರಡುವ ಗೃಹಸ್ಥನೂ, ಹರಿಹರದಿಂದ ಬಸ್ಸು ಹತ್ತಿ ಬರುವ ಗೃಹಿಣಿಯೂ ಕೇಳತಕ್ಕ ಪ್ರಶ್ನೆ ಒಂದೇ: ಬಲ್ಲ ಕಥೆಗೆ ಎರಡನೆಯ ಸಲ ದುಡ್ಡು ತೆರುವುದು ಯುಕ್ತವೆ?

ನೋಡಿದ್ದನ್ನೇ ನೋಡುವುದು ದೋಷವೆಂದು ನಾವು ತಿಳಿಯುವುದಿಲ್ಲ. ಹಾಗೆ ತಿಳಿದಿದ್ದರೆ ನಮ್ಮ ಸೀಮೆಯಲ್ಲಿ ನಾಟಕ ಕಂಪನಿಗಳು ಒಂದು ದಿನವೂ ಬಾಳುತ್ತಿರಲಿಲ್ಲ. ದಾವಣಗೆರೆಯ ಚಿಂದೋಡಿ ಮನೆತನದವರ ಕೆ. ಬಿ. ಆರ್. ಡ್ರಾಮಾ ಕಂಪನಿಯು ಊರೂರಿನಲ್ಲಿ ಡೇರೆ ಹಾಕಿ ಆಡಿದ 'ಪೊಲೀಸನ ಮಗಳು' ನಾಟಕವನ್ನು, ಮಾತುಗಳು ಬಾಯಿಪಾಠವಾದ ಮೇಲೆಯೂ ಜನರು ಮತ್ತೆ ಮತ್ತೆ ನೋಡಿದರು. ಕಥೆ ಅದೇ, ಆದರೆ ಪಾತ್ರಧಾರಿಯ ಆ ರಾತ್ರಿಯ ಉಸಿರು ಬೇರೆ. ಆ ಉಸಿರಿಗಾಗಿಯೇ ಜನರು ಹೋದರು. ಇದೇ ಮನೆತನದ ಚಿಂದೋಡಿ ಬಂಗಾರೇಶರು 1995ರಲ್ಲಿ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರವನ್ನು ತೆಗೆದಾಗ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೂ ಹಂಸಲೇಖರಿಗೆ ಸಂಗೀತಕ್ಕೂ ರಾಷ್ಟ್ರಪ್ರಶಸ್ತಿಗಳು ಬಂದವು. ರಂಗದವರು ಚಿತ್ರಕ್ಕೆ ಕೈಯಿಕ್ಕಿದಾಗಲೂ ಹಾಡನ್ನು ಮರೆಯಲಿಲ್ಲವೆಂಬುದು ಇದರಿಂದ ತಿಳಿಯುವುದು.

ಬೇಡರ ಕಣ್ಣಪ್ಪನ ಕಥೆಯನ್ನು ತೆಗೆದುಕೊಳ್ಳಿರಿ. ಹಂಪೆಯ ಹರಿಹರ ಕವಿಯು ರಗಳೆಯಲ್ಲಿ ಹಾಡಿದ ಈ ಕಥೆಯು ರಂಗವನ್ನೇರಿ, ಅಲ್ಲಿಂದ 1954ರಲ್ಲಿ ಎಚ್. ಎಲ್. ಎನ್. ಸಿಂಹರ ನಿರ್ದೇಶನದಲ್ಲಿ ಚಿತ್ರವಾಯಿತು. ರಾಜಕುಮಾರರು ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರವದು. ಅದೇ ವರ್ಷ ಅವರೇ ತೆಲುಗಿನಲ್ಲಿಯೂ ಆ ಪಾತ್ರವನ್ನು ಅಭಿನಯಿಸಿದರು. 1988ರ 'ಶಿವ ಮೆಚ್ಚಿದ ಕಣ್ಣಪ್ಪ' ಚಿತ್ರದಲ್ಲಿ ಮಗ ಶಿವರಾಜಕುಮಾರರು ಕಣ್ಣಪ್ಪನಾದರು, ತಂದೆಯು ಶಿವನಾದರು. 2025ರಲ್ಲಿ ತೆಲುಗಿನವರು ಮತ್ತೊಮ್ಮೆ ಅಪಾರ ವೆಚ್ಚದಿಂದ ಇದೇ ಕಥೆಯನ್ನು ತೆಗೆದರು. ಇಷ್ಟು ವೇಷಗಳಲ್ಲಿಯೂ ಕಥೆಯ ಜೀವವು ಒಂದೇ ಕಡೆ ಇದೆ. ಒಂದು ಕಣ್ಣನ್ನು ಕಿತ್ತಿಟ್ಟ ಬೇಡನು, ಎರಡನೆಯದನ್ನು ಕಿತ್ತ ಮೇಲೆ ಸ್ಥಳವು ಕಾಣದೆಂದು ಲಿಂಗದ ಮೇಲೆ ಕಾಲಿಟ್ಟು ಗುರುತು ಮಾಡಿಕೊಳ್ಳುತ್ತಾನಲ್ಲ, ಆ ಗಳಿಗೆಯಲ್ಲಿ. ಅಲ್ಲಿ ನೋಡುವವರ ಮೈ ನವಿರೇಳದಿದ್ದರೆ ಎಷ್ಟು ಕೋಟಿ ಸುರಿದರೇನು?

ಇನ್ನು ವಿದೇಶದ ಮಾತು. ಬರೆದ ಚಿತ್ರಕ್ಕೆ ಬದಲಾಗಿ ಜೀವಂತ ಮನುಷ್ಯನನ್ನು ತೋರಿಸುವುದು ಹೊಸ ಚಮತ್ಕಾರವೆಂದು ಮಕ್ಕಳು ನಂಬಿದ್ದಾರೆ. ಕಿಪ್ಲಿಂಗನ ಪುಸ್ತಕವು 1894ರಲ್ಲಿ ಹೊರಬಂದಿತು. ಡಿಸ್ನಿಯವರು ಮೌಗ್ಲಿಯನ್ನು ಗೆರೆಗಳಲ್ಲಿ ಬರೆದದ್ದು 1967ರಲ್ಲಿ. ಅದಕ್ಕೂ 25 ವರ್ಷ ಮೊದಲೇ, 1942ರಲ್ಲಿ, ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬುವು ಮೌಗ್ಲಿಯಾಗಿ ತೆರೆಯ ಮೇಲೆ ಓಡಾಡಿದ್ದನು. 2016ರ ಚಿತ್ರದಲ್ಲಿ ಬಾಲಕನೊಬ್ಬನೇ ನಿಜ; ಕಾಡೂ ಮೃಗಗಳೂ ಯಂತ್ರದ ಸೃಷ್ಟಿ. ಆದರೂ ಆ ಬಾಲಕನ ಭಯವು ನಿಜವಾಗಿ ಕಾಣುವುದರಿಂದ ಚಿತ್ರವು ನಿಲ್ಲುವುದೆಂದು ನಮ್ಮ ಮತ.

2019ರ 'ಲಯನ್ ಕಿಂಗ್' ಹಾಗಲ್ಲ. ಅದರಲ್ಲಿ ಮನುಷ್ಯರೇ ಇಲ್ಲ; ಒಂದು ಸೂರ್ಯೋದಯದ ದೃಶ್ಯವನ್ನುಳಿದು ಮಿಕ್ಕದ್ದೆಲ್ಲವೂ ಗಣಕಯಂತ್ರದ ಕೆಲಸವೇ. ಸಿಂಹದ ಕೇಸರದ ಕೂದಲೊಂದೊಂದೂ ನಿಜದಂತಿದೆ. ಆದರೆ ನಿಜವಾದ ಸಿಂಹಕ್ಕೆ ಹುಬ್ಬು ಗಂಟಿಕ್ಕಲು, ತುಟಿ ನಡುಗಿಸಲು ಬಾರದು. ತಂದೆಯ ಹೆಣದ ಬಳಿ ನಿಂತ ಮರಿಯ ದುಃಖವು 1994ರ ಬರೆದ ಚಿತ್ರದಲ್ಲಿ ಎದೆ ಕಲಕಿದಂತೆ ಇಲ್ಲಿ ಕಲಕಲಿಲ್ಲ. ಹಣವು ರಾಶಿರಾಶಿಯಾಗಿ ಬಂದಿತೆಂಬುದು ಸತ್ಯ. ಆದರೆ ಗಲ್ಲಾಪೆಟ್ಟಿಗೆಯು ರಸಕ್ಕೆ ತಕ್ಕಡಿಯಲ್ಲ.

ಮಕ್ಕಳ ವಿಡಿಯೋ ಆಟಗಳನ್ನು ಚಿತ್ರಗಳನ್ನಾಗಿ ಮಾಡುವುದು ಇನ್ನೂ ಕಷ್ಟದ ಕೆಲಸ. 'ಮಾರಿಯೋ' ಆಟವನ್ನು 1993ರಲ್ಲಿ ನಟರಿಂದ ಆಡಿಸಿದಾಗ ಅದು ನೆಲಕಚ್ಚಿತು. 2023ರಲ್ಲಿ ಬೊಂಬೆಯಂಥ ಚಿತ್ರಗಳಲ್ಲಿ ಮಾಡಿದಾಗ ಜನರು ಮುಗಿಬಿದ್ದರು. ಕಾರಣವು ಗೂಢವಲ್ಲ. ಚೌಕಾಬಾರದಲ್ಲಿ ಕವಡೆಯನ್ನು ಹಾಕುವವರು ನಾವು, ಕಾಯಿ ಸತ್ತರೆ ನೋಯುವವರೂ ನಾವೇ. ಚಿತ್ರದಲ್ಲಾದರೋ ಕವಡೆಯು ಪರರ ಕೈಯಲ್ಲಿರುತ್ತದೆ. ಕೈಯಿಂದ ಹೋದ ಈ ಸುಖಕ್ಕೆ ಬದಲಾಗಿ, ಆಟದಲ್ಲಿ ಕಂಡ ಲೋಕವನ್ನಾದರೂ ಅದೇ ಬಣ್ಣದಲ್ಲಿ ಕೊಡಬೇಕು. ಅದನ್ನೂ ಕಿತ್ತುಕೊಂಡರೆ ಹುಡುಗನಿಗೆ ಉಳಿಯುವುದೇನು?

ನಮ್ಮ ನಿಜವಾದ ಚಿಂತೆಯು ಬೇರೊಂದಿದೆ. ಹೊಸದು ಬಂದಾಗ ಹಳೆಯದು ಅಟ್ಟವನ್ನು ಸೇರುವುದು. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡಿತು. ರಂಗಭೂಮಿಯ ಸುಬ್ಬಯ್ಯನಾಯಿಡು, ನಾಗೇಂದ್ರರಾಯರು ಅದರಲ್ಲಿ ಅಭಿನಯಿಸಿದ್ದರು. ಇಂದು ಅದರ ಪ್ರತಿಯೊಂದೂ ಉಳಿದಿಲ್ಲ. ಎಷ್ಟು ಹಣ ಕೊಟ್ಟರೂ ಆ ದನಿಯನ್ನು ಇನ್ನು ಕೇಳುವಂತಿಲ್ಲ. ಮರಳಿ ತೆಗೆಯುವವರು ಮೂಲವನ್ನು ಕಾಪಾಡುವ ಹೊಣೆಯನ್ನೂ ಹೊರದಿದ್ದರೆ, ನಮ್ಮ ಮೊಮ್ಮಕ್ಕಳು ವೇಷವನ್ನೇ ಮುಖವೆಂದು ತಿಳಿಯುವರು.

ಹರಿಹರದಲ್ಲಿ ಹೊಯ್ಸಳ ಮಂತ್ರಿ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಹರಿಹರೇಶ್ವರನನ್ನು ನೋಡಿರುವಿರಷ್ಟೆ. ಮೈ ಒಂದೇ ಆದರೂ ಹರನ ಲಕ್ಷಣವೂ ಹರಿಯ ಲಕ್ಷಣವೂ ತಮ್ಮ ತಮ್ಮ ಪಾಲಿನಲ್ಲಿ ಕೆಡದೆ ಇವೆ. ಹಳೆಯದರ ಸತ್ತ್ವವೂ ಹೊಸಬನ ಕೈಚಳಕವೂ ಹಾಗೆ ಕೂಡಿದ ಚಿತ್ರವನ್ನು ಧಾರಾಳವಾಗಿ ನೋಡಿರಿ.

ಮನೆಯವರಿಗೆ ನಮ್ಮ ಸೂಚನೆ ಇಷ್ಟೇ. ಹೊಸ ಚಿತ್ರಕ್ಕೆ ಹೋಗುವ ಮೊದಲು ಕಥೆಯನ್ನು ಅಜ್ಜಿಯ ಬಾಯಿಂದಲೋ ಪುಸ್ತಕದಿಂದಲೋ ಮಕ್ಕಳಿಗೆ ಹೇಳಿಸಿರಿ. ಹಳೆಯ ಚಿತ್ರವು ದೊರೆತರೆ ಅದನ್ನೂ ತೋರಿಸಿರಿ. ಜಾತ್ರೆಯಲ್ಲಿ ಕಂಪನಿ ನಾಟಕದ ಡೇರೆ ಎದ್ದರೆ ಒಂದು ರಾತ್ರಿ ಅಲ್ಲಿಗೂ ಕರೆದೊಯ್ಯಿರಿ. ಆಮೇಲೆ ಯಾವುದು ಮೇಲೆಂದು ಮಕ್ಕಳನ್ನೇ ಕೇಳಿ, ಅವರು ಕೊಡುವ ಕಾರಣವನ್ನು ತಾಳ್ಮೆಯಿಂದ ಆಲಿಸಿರಿ.